ಪತ್ತೇದಾರಿ ಸರಣಿಗಳ ಡಿವಿಡಿ ಸೆಟ್ಟು ಕೂಡಿಸುವುದು ಹೇಗೆ: ಕಾಸರಗೋಡಿನವರಿಗೆ

ಹಳೆಯ ಪತ್ತೇದಾರಿ ಸರಣಿಗಳ ಡಿವಿಡಿ, ಬ್ಲೂ-ರೇ ಸೆಟ್ಟು ಕೊಳ್ಳುವಾಗ ಹೆಚ್ಚಿನವರು ನೋಡುವುದು ಪೆಟ್ಟಿಗೆಯ ಮುಂಬದಿ. ಬೇಕಾದದ್ದೆಲ್ಲ ಇರುವುದು ಹಿಂಬದಿಯಲ್ಲಿ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ: ರೀಜನ್ ಅಂಕೆ (ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು), ಟಿವಿ ಚಿತ್ರದ ಪದ್ಧತಿ ಪಾಲ್ ಅಥವಾ ಎನ್‌ಟಿಎಸ್‌ಸಿ, ಡಿಸ್ಕ್ ಎಷ್ಟು, ಒಟ್ಟು ನಿಮಿಷ ಎಷ್ಟು, ಚಿತ್ರದ ಅಳತೆ, ಸಬ್‌ಟೈಟಲ್, ಕಾಪಿರೈಟ್ ವರ್ಷ. ಈ ಏಳನ್ನು ಓದಲು ಬಂದರೆ ಅರ್ಧ ಕೆಲಸ ಆದಂತೆ. ಉಳಿದರ್ಧ, ಕೊಂಡದ್ದನ್ನು ಕುಂಬಳೆ, ಉಪ್ಪಳ, ಬದಿಯಡ್ಕದ ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಇಟ್ಟುಕೊಳ್ಳುವುದು.

ಯಾವುದು ಪೂರ್ತಿ, ಯಾವುದು ಅರ್ಧಂಬರ್ಧ

ಪೆಟ್ಟಿಗೆಯ ಮೇಲೆ ‘ಕಂಪ್ಲೀಟ್’ ಎಂದು ಬರೆದಿದ್ದರೆ ನಂಬಬೇಡಿ, ಕಂತುಗಳನ್ನು ಎಣಿಸಿ.

ಮೊದಲು ಕೊಳ್ಳಬೇಕಾದದ್ದು ಜೆರೆಮಿ ಬ್ರೆಟ್ ನಟಿಸಿದ ಷರ್ಲಾಕ್ ಹೋಮ್ಸ್. ಗ್ರನಾಡಾ ಟೆಲಿವಿಷನ್ 1984ರಿಂದ 1994ರವರೆಗೆ ಮಾಡಿದ ಈ ಸರಣಿಯಲ್ಲಿ ಒಟ್ಟು 41 ಕಂತು. ಬಿಡಿಸಿ ನೋಡಿದರೆ ‘ಅಡ್ವೆಂಚರ್ಸ್’ 13, ‘ರಿಟರ್ನ್’ 11, ‘ಕೇಸ್‌ಬುಕ್’ 6, ‘ಮೆಮೊಯರ್ಸ್’ 6. ಇವು ಒಂದೊಂದೂ ಸುಮಾರು 50 ನಿಮಿಷದವು. ಇವುಗಳ ಮೇಲೆ ಸಿನಿಮಾ ಉದ್ದದವು 5: ‘ಸೈನ್ ಆಫ್ ಫೋರ್’, ‘ಹೌಂಡ್ ಆಫ್ ದ ಬ್ಯಾಸ್ಕರ್‌ವಿಲ್ಸ್’, ‘ಮಾಸ್ಟರ್ ಬ್ಲ್ಯಾಕ್‌ಮೇಲರ್’, ‘ಲಾಸ್ಟ್ ವ್ಯಾಂಪೈರ್’, ‘ಎಲಿಜಿಬಲ್ ಬ್ಯಾಚುಲರ್’. ಸೆಕೆಂಡ್ ಹ್ಯಾಂಡ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಕಾಣೆಯಾಗುವುದು ಈ ಐದೇ. ಬೇರೆ ಡಬ್ಬಿಯಲ್ಲಿ ಬಿಡಿಯಾಗಿ ಮಾರಿದ್ದರಿಂದ ಇವು ಎಷ್ಟೋ ಕಡೆ ಪೆಟ್ಟಿಗೆಯೊಳಗೆ ಬಂದೇ ಇರುವುದಿಲ್ಲ. ಇನ್ನೊಂದು ಗುರುತಿದೆ: ಮೊದಲ 13 ಕಂತುಗಳಲ್ಲಿ ವಾಟ್ಸನ್ ಆಗಿ ಡೇವಿಡ್ ಬರ್ಕ್, ಅಲ್ಲಿಂದಾಚೆ ಎಡ್ವರ್ಡ್ ಹಾರ್ಡ್‌ವಿಕ್. ಹಿಂಬದಿಯ ಚಿತ್ರಗಳಲ್ಲೆಲ್ಲ ಬರ್ಕ್ ಒಬ್ಬರೇ ಇದ್ದರೆ ನಿಮ್ಮ ಕೈಯಲ್ಲಿರುವುದು 13ರ ಸೆಟ್ಟು, 41ರದ್ದಲ್ಲ.

ಅಗಾಥಾ ಕ್ರಿಸ್ಟಿಯ ಪತ್ತೇದಾರ ಪ್ವಾರೋ ಆಗಿ ಡೇವಿಡ್ ಸೂಶೆ ನಟಿಸಿದ ಸರಣಿ 1989ರಲ್ಲಿ ಶುರುವಾಗಿ 2013ರಲ್ಲಿ ಮುಗಿಯಿತು. 13 ಸೀಸನ್, 70 ಕಂತು. ಅದರಲ್ಲಿ 36 ಸುಮಾರು 50 ನಿಮಿಷದವು, 34 ಸಿನಿಮಾ ಉದ್ದದವು. ಸರಣಿ ಮುಗಿಯುವ ಮೊದಲೇ ‘ಪೂರ್ತಿ’ ಎಂದು ಮಾರಿದ ಪೆಟ್ಟಿಗೆಗಳಿವೆ. ಕಾಪಿರೈಟ್ ವರ್ಷ 2013ಕ್ಕಿಂತ ಹಿಂದಿನದಾದರೆ ಕೊನೆಯ 5 ಕಂತು ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಕಂತುಗಳ ಪಟ್ಟಿಯಲ್ಲಿ ಕೊನೆಯ ಕಂತಾದ ‘ಕರ್ಟನ್’ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಅದು ಅರ್ಧ ಸೆಟ್ಟಿನ ಬೆಲೆಯದ್ದು.

ಕ್ರಿಸ್ಟಿಯದೇ ಇನ್ನೊಬ್ಬ ಪತ್ತೇದಾರಿ ಮಿಸ್ ಮಾರ್ಪಲ್ ಸೆಟ್ಟು ಕೊಳ್ಳುವಾಗ ಗೊಂದಲವಾಗುವುದು ಸಹಜ, ಏಕೆಂದರೆ ಎರಡು ಸರಣಿಗಳಿವೆ. ಬಿಬಿಸಿ 1984ರಿಂದ 1992ರವರೆಗೆ ಜೋನ್ ಹಿಕ್ಸನ್ ಅವರನ್ನಿಟ್ಟು ಮಾಡಿದ್ದು 12 ಕಥೆ, 12 ಕಾದಂಬರಿಗಳೂ ಅದರಲ್ಲೇ ಮುಗಿದವು. ಐಟಿವಿಯದ್ದು 2004ರಿಂದ 2013ರವರೆಗಿನ 23 ಕಂತು. ಮೊದಲ 12ರಲ್ಲಿ ಜೆರಾಲ್ಡೀನ್ ಮ್ಯಾಕ್‌ಯೂನ್, ಉಳಿದ 11ರಲ್ಲಿ ಜೂಲಿಯಾ ಮೆಕೆಂಜಿ. ಮೂಲ ಕಾದಂಬರಿಯಲ್ಲಿ ಮಾರ್ಪಲ್ ಇಲ್ಲದ ಕಥೆಗಳಿಗೂ ಐಟಿವಿಯವರು ಆಕೆಯನ್ನು ಎಳೆದು ತಂದು ಕೂರಿಸಿದ್ದಾರೆ. ಒಂದನ್ನೇ ಕೊಳ್ಳುವುದಾದರೆ ಹಿಕ್ಸನ್ ಅವರದ್ದು ಕೊಳ್ಳಿ. ಇದರಲ್ಲಿ ನಮಗೆ ಎರಡು ಮಾತಿಲ್ಲ.

ಬೇಸಿಲ್ ರಾತ್‌ಬೋನ್ ಹೋಮ್ಸ್ ಆಗಿ ಬಂದ ಕಪ್ಪುಬಿಳುಪು ಚಿತ್ರಗಳು 14. ಮೊದಲ ಎರಡು 1939ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮಾಡಿದವು, ಉಳಿದ 12 ಯುನಿವರ್ಸಲ್ 1942ರಿಂದ 1946ರವರೆಗೆ ಮಾಡಿದವು. ಯುನಿವರ್ಸಲ್‌ನ ನಾಲ್ಕು ಚಿತ್ರಗಳ ಹಕ್ಕು ಅಮೆರಿಕದಲ್ಲಿ ತಪ್ಪಿಹೋದ ಕಾರಣ ಯಾರು ಬೇಕಾದರೂ ಅಚ್ಚು ಹಾಕಿ ಅಗ್ಗಕ್ಕೆ ಮಾರುತ್ತಾರೆ: ‘ಸೀಕ್ರೆಟ್ ವೆಪನ್’, ‘ವುಮನ್ ಇನ್ ಗ್ರೀನ್’, ‘ಟೆರರ್ ಬೈ ನೈಟ್’, ‘ಡ್ರೆಸ್ಡ್ ಟು ಕಿಲ್’. ಈ ನಾಲ್ಕೇ ಇರುವ ಪೆಟ್ಟಿಗೆ ಕಂಡರೆ ದುಡ್ಡು ಜೇಬಿನಲ್ಲೇ ಇರಲಿ. ಮುಖಗಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಮಾತು ಗೊರಗೊರ ಎನ್ನುವ ಪ್ರಿಂಟುಗಳೇ ಹೆಚ್ಚು. ಯುಸಿಎಲ್‌ಎ ಎಂಬ ಅಮೆರಿಕದ ವಿಶ್ವವಿದ್ಯಾಲಯದ ಚಲನಚಿತ್ರ ಆರ್ಕೈವ್ ಸರಿಪಡಿಸಿದ ಪ್ರಿಂಟಿನಿಂದ ಮಾಡಿದ್ದೆಂದು ಹಿಂಬದಿಯಲ್ಲಿ ಬರೆದಿರುವ ಸೆಟ್ಟನ್ನೇ ಹುಡುಕಿ.

ಕೆಲವು ಸರಣಿಗಳು ಪೂರ್ತಿ ಸಿಗುವುದೇ ಇಲ್ಲ. ಅದು ಮಾರುವವನ ತಪ್ಪೂ ಅಲ್ಲ. ಪೀಟರ್ ಕುಶಿಂಗ್ ಅವರನ್ನಿಟ್ಟು ಬಿಬಿಸಿ 1968ರಲ್ಲಿ ಮಾಡಿದ 16 ಕಂತುಗಳಲ್ಲಿ ಈಗ ಉಳಿದಿರುವುದು 6. ಆ ಕಾಲದಲ್ಲಿ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಹಾಗಾಗಿ 6 ಕಂತಿನ ಕುಶಿಂಗ್ ಸೆಟ್ಟೇ ಪೂರ್ತಿ ಸೆಟ್ಟು. ಇನ್ನು ಕೆಲವು ಇದ್ದರೂ ಅಚ್ಚು ನಿಂತಿವೆ: ಫ್ರೆಂಚ್ ಪೊಲೀಸ್ ಪತ್ತೇದಾರ ಮೇಗ್ರೆ ಆಗಿ ರೂಪರ್ಟ್ ಡೇವಿಸ್ ನಟಿಸಿದ 52 ಕಂತುಗಳನ್ನು (1960–63) ಹೊರತಂದ ನೆಟ್‌ವರ್ಕ್ ಎಂಬ ಬ್ರಿಟಿಷ್ ಕಂಪನಿ 2023ರಲ್ಲಿ ಬಾಗಿಲು ಹಾಕಿತು. ಅಂಥವು ಎದುರಿಗೆ ಬಂದಾಗ ಚೌಕಾಸಿ ಮಾಡಿ ಸಮಯ ಕಳೆಯಬೇಡಿ.

ನಮ್ಮ ದೇಶದ್ದರಲ್ಲಿ ಬಾಸು ಚಟರ್ಜಿಯವರು ದೂರದರ್ಶನಕ್ಕೆ ಮಾಡಿದ, ಬಂಗಾಳಿ ಪತ್ತೇದಾರನ ಸರಣಿ ‘ಬ್ಯೋಮಕೇಶ್ ಬಕ್ಷಿ’ (1993, ಎರಡನೆಯ ಸುತ್ತು 1997) ಕಪಾಟಿನಲ್ಲಿರಲೇಬೇಕು. ಒಂದು ಎಚ್ಚರ: ನಮ್ಮ ಹಳೆಯ ಕ್ಯಾಸೆಟ್ ಅಂಗಡಿಗಳ ದಾಸ್ತಾನಿನಲ್ಲಿ ಡಿವಿಡಿಗಿಂತ ವಿಸಿಡಿಯೇ ಜಾಸ್ತಿ. ವಿಸಿಡಿಯಲ್ಲಿ ಒಂದು ಡಿಸ್ಕಿಗೆ 74ರಿಂದ 80 ನಿಮಿಷ ಮಾತ್ರ ಹಿಡಿಸುತ್ತದೆ, ಚಿತ್ರ ಮಸುಕು, ಸಬ್‌ಟೈಟಲ್ ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಲು ಆಗದು.

ರೀಜನ್: ಗಲ್ಫಿನ ಸಂಬಂಧ ಕೆಲಸಕ್ಕೆ ಬರುವುದು ಇಲ್ಲಿ

ಡಿವಿಡಿಯ ಹಿಂಬದಿಯಲ್ಲಿ ಸಣ್ಣ ಭೂಗೋಳದ ಚಿತ್ರವಿದ್ದು ಅದರೊಳಗೆ ಒಂದು ಅಂಕೆ ಇರುತ್ತದೆ. ಭಾರತ 5. ಅಮೆರಿಕ 1. ಬ್ರಿಟನ್ 2. ಆಸ್ಟ್ರೇಲಿಯ 4. ದುಬೈ, ಅಬುಧಾಬಿ, ಕುವೈತ್, ಸೌದಿ ಎಲ್ಲವೂ 2. ಅಂದರೆ ಮೇಲೆ ಹೇಳಿದ ಬ್ರಿಟಿಷ್ ಸೆಟ್ಟುಗಳೂ ಗಲ್ಫಿನಲ್ಲಿ ಮಾರುವ ಸೆಟ್ಟುಗಳೂ ಒಂದೇ ರೀಜನ್. ಇಲ್ಲಿ ಕೊಂಡ ಪ್ಲೇಯರ್ ಬ್ರಿಟಿಷ್ ಸೆಟ್ಟನ್ನು ಒಲ್ಲೆ ಎಂದರೂ, ಅಟ್ಟದಲ್ಲಿ ಬಿದ್ದಿರುವ ಗಲ್ಫಿನ ಹಳೆಯ ಪ್ಲೇಯರ್ ಸಲೀಸಾಗಿ ಓದುತ್ತದೆ. ಗುಜರಿಗೆ ಕೊಡುವ ಮೊದಲು ಅದನ್ನು ಕೆಳಗಿಳಿಸಿ ನೋಡಿ. ಹಿಂಬದಿಯ ತಗಡಿನಲ್ಲಿ ‘100–240 ವೋಲ್ಟ್’ ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. ಸೌದಿಯ ಹಳೆಯ ಸಾಮಾನಾಗಿದ್ದು ‘110–127 ವೋಲ್ಟ್’ ಎಂದಿದ್ದರೆ ನೇರವಾಗಿ ಸಿಕ್ಕಿಸಬೇಡಿ, ಸುಟ್ಟುಹೋಗುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಬ್ಲೂ-ರೇ ಲೆಕ್ಕ ಬೇರೆ: ಅಮೆರಿಕ ಎ, ಬ್ರಿಟನ್ ಮತ್ತು ಗಲ್ಫ್ ಬಿ, ಭಾರತ ಸಿ. 4ಕೆ ಡಿಸ್ಕಿಗೆ ರೀಜನ್ ಕಟ್ಟು ಇಲ್ಲ. ಎಷ್ಟೋ ಡಿವಿಡಿ ಪ್ಲೇಯರುಗಳನ್ನು ರಿಮೋಟಿನಲ್ಲಿ ಅಂಕೆ ಒತ್ತಿ ಎಲ್ಲ ರೀಜನಿಗೂ ತೆರೆಯಬಹುದು, ಆದರೆ ಬ್ಲೂ-ರೇ ಪ್ಲೇಯರಿನ ಬ್ಲೂ-ರೇ ಭಾಗ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಕಂಪ್ಯೂಟರಿನ ಡ್ರೈವಿನಲ್ಲಿ ಡಿವಿಡಿ ರೀಜನ್ ಬದಲಿಸಲು ಸಿಗುವುದು 5 ಅವಕಾಶ. ಐದನೆಯದರಲ್ಲಿ ಇಟ್ಟ ರೀಜನ್ ಅಲ್ಲೇ ಗಟ್ಟಿಯಾಗುತ್ತದೆ. ಸುಮ್ಮನೆ ಒತ್ತಿ ನೋಡುವ ಮಕ್ಕಳಿದ್ದರೆ ಕಂಪ್ಯೂಟರಿನ ಆ ಸೆಟ್ಟಿಂಗನ್ನು ತೆರೆದಿಡಬೇಡಿ.

ಗಲ್ಫಿನಲ್ಲಿರುವವರ ಹತ್ತಿರ ತರಿಸುವಾಗ ಸೆಟ್ಟಿನ ಹೆಸರಷ್ಟೇ ಹೇಳಿದರೆ ಬೇರೆ ಯಾವುದೋ ಬಂದಿಳಿಯುತ್ತದೆ. ವಾಟ್ಸಾಪಿನಲ್ಲಿ ಹೀಗೆ ಬರೆಯಿರಿ: ‘ಭಾವಾ, ದುಡ್ಡು ಕೊಡುವ ಮೊದಲು ಪೆಟ್ಟಿಗೆಯ ಹಿಂಬದಿಯ ಫೋಟೋ ಒಂದು ಕಳಿಸಿ. ಭೂಗೋಳದ ಒಳಗಿನ ಅಂಕೆ ಓದಲಿಕ್ಕೆ ಆಗಬೇಕು. ಹಳೆಯದಾದರೆ ಡಿಸ್ಕಿನ ಹೊಳೆಯುವ ಬದಿಯದ್ದೂ ಒಂದು ಇರಲಿ. ತರುವಾಗ ಕೈಚೀಲದಲ್ಲೇ ಇಟ್ಟುಕೊಳ್ಳಿ.’ ಲಗೇಜಿಗೆ ಹಾಕಿದ ಪೆಟ್ಟಿಗೆ ಮಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಒಳಗಿನ ಡಿಸ್ಕ್ ಹಿಡಿಯುವ ಹಲ್ಲುಗಳು ಮುರಿದು, ಡಿಸ್ಕುಗಳು ಒಂದಕ್ಕೊಂದು ಉಜ್ಜಿಕೊಂಡಿರುತ್ತವೆ. ವಿದೇಶದಿಂದ ಅಂಚೆ, ಕೊರಿಯರಿನಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕದ ಜೊತೆ ಕೊರಿಯರಿನವರ ನಿರ್ವಹಣಾ ಶುಲ್ಕವೂ ಸೇರುತ್ತದೆ. ಎರಡನ್ನೂ ಮೊದಲೇ ಬೆಲೆಗೆ ಕೂಡಿಸಿಕೊಂಡು ನೋಡಿ.

ಚಿತ್ರದ ಗುಣ ಅಳೆಯುವುದು

ಪಾಲ್ ಡಿವಿಡಿಯಲ್ಲಿ 576 ಗೆರೆ, ಸೆಕೆಂಡಿಗೆ 25 ಚಿತ್ರ. ಎನ್‌ಟಿಎಸ್‌ಸಿಯಲ್ಲಿ 480 ಗೆರೆ, ಸೆಕೆಂಡಿಗೆ ಸುಮಾರು 30. ಬ್ರಿಟಿಷ್ ಟಿವಿ ಸರಣಿಗಳನ್ನು ತೆಗೆದದ್ದೇ 25ರ ಲೆಕ್ಕದಲ್ಲಿ. ಅವನ್ನು ಅಮೆರಿಕದ ಡಿಸ್ಕಿಗಾಗಿ 30ಕ್ಕೆ ತಿರುಗಿಸಿದಾಗ, ಕುದುರೆಗಾಡಿ ಓಡುವಾಗ ಗಾಲಿಯ ಹಿಂದೆ ಇನ್ನೊಂದು ಮಸುಕು ಗಾಲಿ ಕಾಣುತ್ತದೆ. ಆದ್ದರಿಂದ ಬ್ರೆಟ್, ಸೂಶೆ, ಹಿಕ್ಸನ್ ಡಿವಿಡಿ ಆದರೆ ಪಾಲ್‌ನಲ್ಲೇ ಇರಲಿ. ರಾತ್‌ಬೋನ್ ಚಿತ್ರಗಳದ್ದು ಉಲ್ಟಾ. ಅವು ಸಿನಿಮಾಗಳು, ಸೆಕೆಂಡಿಗೆ 24 ಚಿತ್ರ. ಪಾಲ್ ಡಿಸ್ಕಿನಲ್ಲಿ ಶೇ 4ರಷ್ಟು ಬೇಗ ಓಡುತ್ತವೆ. 72 ನಿಮಿಷದ ಚಿತ್ರ 69 ನಿಮಿಷಕ್ಕೆ ಮುಗಿಯುತ್ತದೆ, ಧ್ವನಿಯೂ ತುಸು ಕೀರಲಾಗುತ್ತದೆ. ಮೂರು ನಿಮಿಷ ಕಡಿಮೆ ಕಂಡಾಕ್ಷಣ ಕತ್ತರಿ ಹಾಕಿದ್ದಾರೆ ಎಂದು ಮಾರಿದವನ ಜೊತೆ ಜಗಳಕ್ಕೆ ನಿಲ್ಲಬೇಡಿ.

ಒಂದು ಡಿಸ್ಕಿಗೆ ಎಷ್ಟು ಕಂತು ತುರುಕಿದ್ದಾರೆ ಎಂಬುದನ್ನೂ ನೋಡಬೇಕು. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ್ದರಲ್ಲಿ 8.5 ಜಿಬಿ ಜಾಗ. ಎರಡು ಪದರದ ಡಿಸ್ಕಿನಲ್ಲಿ 50 ನಿಮಿಷದ 4 ಕಂತು ಇಟ್ಟರೆ ಸೆಕೆಂಡಿಗೆ ಸುಮಾರು 5.7 ಮೆಗಾಬಿಟ್ ಮಾಹಿತಿ ಸಿಗುತ್ತದೆ, ಚಿತ್ರ ಚೆನ್ನಾಗಿರುತ್ತದೆ. ಅದೇ ಒಂದು ಪದರದ ಡಿಸ್ಕಿಗೆ 6 ಕಂತು ತುಂಬಿದರೆ 2 ಮೆಗಾಬಿಟ್ಟಿಗೆ ಇಳಿಯುತ್ತದೆ; ಲಂಡನ್ನಿನ ಮಂಜು ಚೌಕ ಚೌಕವಾಗಿ ಒಡೆದು ಕಾಣುತ್ತದೆ. 41 ಕಂತು 5 ಡಿಸ್ಕಿನಲ್ಲಿ ಎಂದು ಹೆಮ್ಮೆಯಿಂದ ಬರೆದ ಪೆಟ್ಟಿಗೆ ಅಂಥದ್ದೇ.

ಬ್ಲೂ-ರೇಗೆ ಹೆಚ್ಚು ದುಡ್ಡು ಕೊಡಬೇಕೇ? ಸರಣಿಯನ್ನು ಫಿಲ್ಮಿನಲ್ಲಿ ತೆಗೆದಿದ್ದರೆ ಕೊಡಬಹುದು. ನೆಗೆಟಿವ್ ಮತ್ತೆ ಸ್ಕ್ಯಾನ್ ಮಾಡಿದಾಗ ಕೋಟಿನ ನೂಲೂ ಕಾಣುತ್ತದೆ. ಇಯಾನ್ ಕಾರ್‌ಮೈಕಲ್ ಅವರ ಲಾರ್ಡ್ ಪೀಟರ್ ವಿಮ್ಸಿ ಪತ್ತೇದಾರಿ ಸರಣಿ (1972–75) ಹಾಗಲ್ಲ, ಒಳಾಂಗಣವೆಲ್ಲ ವಿಡಿಯೋಟೇಪ್. ಟೇಪಿನಲ್ಲಿ ಇಲ್ಲದ್ದನ್ನು ಬ್ಲೂ-ರೇ ಎಲ್ಲಿಂದ ತರಬೇಕು? ಅದಕ್ಕೆ ಡಿವಿಡಿಯೇ ಸಾಕು.

80ರ ದಶಕದ ಸರಣಿಯ ಪೆಟ್ಟಿಗೆಯಲ್ಲಿ ಅಳತೆ 4:3 (ಅಗಲ 4, ಎತ್ತರ 3) ಎಂದೇ ಇರಬೇಕು. 16:9 ಎಂದಿದ್ದರೆ ಮೇಲೆ ಕೆಳಗೆ ಕತ್ತರಿಸಿ ಚಿತ್ರದ ಕಾಲು ಭಾಗ ಎಸೆದಿದ್ದಾರೆ ಎಂದರ್ಥ. ತಲೆ, ಟೊಪ್ಪಿ, ಮೇಜಿನ ಮೇಲಿನ ಸುಳಿವು ಎಲ್ಲ ಅದರ ಜೊತೆಗೇ ಹೋಗಿರುತ್ತವೆ. ಇನ್ನು ಡಿಸ್ಕ್ ಸರಿಯಿದ್ದೂ ಮನೆಯ ಟಿವಿ ಚಿತ್ರವನ್ನು ಎಳೆದು ಅಗಲ ಮಾಡುವುದುಂಟು. ಪ್ವಾರೋ ಮೊದಲೇ ಗುಂಡಗಿನ ಮನುಷ್ಯ, ಅಳತೆ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಪ್ಲೇಯರಿನ ಸೆಟಪ್ಪಿನಲ್ಲಿ ಟಿವಿ 16:9 ಎಂದೂ, 4:3 ಚಿತ್ರಕ್ಕೆ ಪಿಲ್ಲರ್ ಬಾಕ್ಸ್ ಎಂದೂ ಇಡಿ. ಎರಡೂ ಬದಿ ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ.

ಇಂಗ್ಲಿಷ್ ಸಬ್‌ಟೈಟಲ್ ಇಲ್ಲದ ಸೆಟ್ಟು ಮನೆಮಂದಿಗೆಲ್ಲ ಹಿಡಿಸದು. 2000ದ ಆಸುಪಾಸಿನ ಮೊದಲ ಮುದ್ರಣಗಳಲ್ಲಿ ಎಷ್ಟೋ ಸಲ ಅದಿರುವುದಿಲ್ಲ.

ಹಳೆಯ ಡಿಸ್ಕ್ ಕೈಗೆ ಬಂದಾಗ

ಡಿಸ್ಕನ್ನು ಅಂಚಿನಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿ. ತಳ ನೇರಳೆ ಅಥವಾ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಮನೆಯಲ್ಲೋ ಅಂಗಡಿಯಲ್ಲೋ ಬರೆದ ಪ್ರತಿ, ಕಾರ್ಖಾನೆಯ ಅಚ್ಚಲ್ಲ. ಅಚ್ಚಿನ ಡಿಸ್ಕ್ ಬೆಳ್ಳಿ ಬಣ್ಣ ಅಥವಾ ತುಸು ಬಂಗಾರ ಬಣ್ಣ ಇರುತ್ತದೆ. ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಬಳೆಯಲ್ಲಿ ‘ಐಎಫ್‌ಪಿಐ’ ಎಂಬ ಕೂದಲೆಳೆಯಂಥ ಅಕ್ಷರಗಳೂ ಅದರ ಮುಂದೆ ಒಂದು ಸಂಕೇತವೂ ಇರುತ್ತದೆ. ಅದು ಕಾಣದಿದ್ದರೆ ಡಿಸ್ಕ್ ಖೋಟಾ ಇರಬಹುದೆಂದು ಅನುಮಾನಿಸಿ.

ಅದೇ ಬಳೆಯಲ್ಲಿ ಬಿರುಕು ಇದೆಯೇ ನೋಡಿ. ಗಟ್ಟಿ ಹಲ್ಲಿನ ಡಬ್ಬಿಯಿಂದ ಡಿಸ್ಕನ್ನು ಬಗ್ಗಿಸಿ ಎಳೆದರೆ ಸೀಳುವುದು ಇಲ್ಲೇ. ನಡುವಿನ ಗುಂಡಿ ಒತ್ತಿ, ಹಲ್ಲು ಬಿಟ್ಟುಕೊಟ್ಟ ಮೇಲೆ ಎತ್ತಬೇಕು. ಬಿರುಕು ಒಂದು ಮಿಲಿಮೀಟರ್ ಇದ್ದರೂ ಆ ಡಿಸ್ಕ್ ಬೇಡ. ವೇಗವಾಗಿ ತಿರುಗುವಾಗ ಅದು ಬೆಳೆಯುತ್ತಾ ಹೋಗುತ್ತದೆ.

ಗೀರುಗಳಲ್ಲಿ ನಡುವಿನಿಂದ ಅಂಚಿಗೆ ಹೋಗುವ ಗೀರು ಅಷ್ಟು ಕೆಡುಕಲ್ಲ. ಸುತ್ತಲೂ ವೃತ್ತವಾಗಿ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೂ ಅಳಿಸುತ್ತದೆ, ಅದನ್ನು ಪ್ಲೇಯರ್ ಸರಿಪಡಿಸಿಕೊಳ್ಳಲಾರದು. ಡಿವಿಡಿಯ ಮಾಹಿತಿ ಪದರ ಮೇಲ್ಮೈಯಿಂದ 0.6 ಮಿ.ಮೀ. ಒಳಗಿದೆ, ಆದ್ದರಿಂದ ಪಾಲಿಶ್ ಮಾಡಿಸಬಹುದು. ಬ್ಲೂ-ರೇಯದ್ದು ಬರೇ 0.1 ಮಿ.ಮೀ.; ಉಜ್ಜಲು ಹೋದರೆ ಕಥೆ ಮುಗಿಯಿತು. ಅಂಚಿನಿಂದ ಒಳಗೆ ಕಾಫಿ ಕಲೆಯಂತೆ, ಮೋಡದಂತೆ ಹಬ್ಬಿದ್ದರೆ ಪದರಗಳ ನಡುವಿನ ಅಂಟು ಬಿಟ್ಟು ಗಾಳಿ ಹೊಕ್ಕಿದೆ, ಅದಕ್ಕೆ ಮದ್ದಿಲ್ಲ. ಎರಡೂ ಬದಿ ತಿರುಗಿಸಿ ಹಾಕುವ ಡಿಸ್ಕುಗಳಲ್ಲಿ ಈ ಕಾಯಿಲೆ ಜಾಸ್ತಿ.

ಇಡೀ ಸೆಟ್ಟು ನೋಡಿ ಪರೀಕ್ಷಿಸಲು ವಾಪಸಾತಿಯ ಅವಧಿ ಸಾಲದು. ಹಾಳಾಗುವುದು ಹೆಚ್ಚಾಗಿ ಡಿಸ್ಕಿನ ಹೊರ ಅಂಚು, ಹಾಗಾಗಿ ಅಂಚಿನಲ್ಲಿ ಏನಿದೆಯೋ ಅದನ್ನೇ ಓಡಿಸಿ ನೋಡಿ. ಒಂದು ಪದರದ ಡಿಸ್ಕಿನಲ್ಲಿ ಅದು ಕೊನೆಯ ಕಂತಿನ ಕೊನೆಯ ಹತ್ತು ನಿಮಿಷ. ಎರಡು ಪದರದ್ದರಲ್ಲಿ ಓದುವಿಕೆ ಒಳಗಿನಿಂದ ಹೊರಕ್ಕೆ ಹೋಗಿ, ಅಂಚಿನಲ್ಲಿ ಪದರ ಬದಲಿಸಿ, ಮತ್ತೆ ಒಳಗೆ ಬರುತ್ತದೆ. ಆದ್ದರಿಂದ ಅಲ್ಲಿ ನೋಡಬೇಕಾದದ್ದು ಡಿಸ್ಕಿನ ನಟ್ಟನಡು: 4 ಕಂತಿದ್ದರೆ ಎರಡನೆಯದರ ಕೊನೆ, ಮೂರನೆಯದರ ಶುರು. ಪದರ ಬದಲಾಗುವಾಗ ಅರೆಕ್ಷಣ ತಡೆದರೆ ಅದು ದೋಷವಲ್ಲ. ಚೌಕಗಳು ಒಡೆದು, ಮಾತು ತುಂಡಾಗಿ, ಮುಂದಿನ ಅಧ್ಯಾಯಕ್ಕೆ ಜಿಗಿದರೆ ವಾಪಸು ಕಳಿಸಿ.

ಜೂನ್ ಬರುವ ಮೊದಲು

ವರ್ಷಕ್ಕೆ ಮೂರು ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಜಿಲ್ಲೆಯಲ್ಲಿ ಡಿಸ್ಕಿಗಿಂತ ಮೊದಲು ಹೋಗುವುದು ಪೆಟ್ಟಿಗೆಯ ರಟ್ಟು, ಪುಸ್ತಿಕೆ, ಮುಖಪುಟದ ಕಾಗದ. ಆಟಿಯಲ್ಲಿ ಕಪಾಟಿನ ಬಾಗಿಲು ಮುಚ್ಚಿಟ್ಟರೆ ಸಾಕು, ರಟ್ಟಿನ ಮೇಲೆ ಬಿಳಿ ಬೂಸ್ಟು ಎದ್ದಿರುತ್ತದೆ. ಪೆಟ್ಟಿಗೆ ಬೂಸ್ಟು ಹಿಡಿದ ಸೆಟ್ಟನ್ನು ಮುಂದೆ ಮಾರಹೊರಟರೆ ಅರ್ಧ ಬೆಲೆಯೂ ಬಾರದು.

ತೆರೆದ ಶೆಲ್ಫನ್ನು ಮಳೆ ಹೊಡೆಯುವ ಪಡುಗೋಡೆಗೆ ತಾಗಿಸಬೇಡಿ. ಒಳಗೋಡೆಗೆ, ಎರಡು ಇಂಚು ಬಿಟ್ಟು ಇಡಿ. ಬಿಸಿಲು ನೇರ ಬೀಳುವ ಜಾಗವೂ ಬೇಡ. ಡಿಸ್ಕುಗಳು ಪುಸ್ತಕದಂತೆ ನೆಟ್ಟಗೆ ನಿಲ್ಲಬೇಕು, ಒಂದರ ಮೇಲೊಂದು ಮಲಗಿಸಿದರೆ ಕಾಲಕ್ರಮೇಣ ಬಾಗುತ್ತವೆ. ಬೆಲೆಬಾಳುವ ಸೆಟ್ಟುಗಳಿಗೆ ಅಂಚಿನಲ್ಲಿ ರಬ್ಬರ್ ಇರುವ, ಕ್ಲಿಪ್ ಹಾಕುವ 20 ಲೀಟರಿನ ಪ್ಲಾಸ್ಟಿಕ್ ಡಬ್ಬ ತನ್ನಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು 100ರಿಂದ 150 ಗ್ರಾಂ ಬಟ್ಟೆ ಚೀಲದಲ್ಲಿ ಕಟ್ಟಿಡಿ, ತೇವ ತೋರಿಸುವ ಸಣ್ಣ ಮೀಟರೊಂದು ಇರಲಿ. ಮೀಟರ್ ಶೇ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು, 60 ದಾಟಬಾರದು.

ಹೆಚ್ಚಿನವರು ಎಡವುವುದು ದಿನ ಆರಿಸುವುದರಲ್ಲಿ. ಮಳೆ ಹಿಡಿದ ಮೇಲೆ ಜೂನಿನಲ್ಲಿ ಡಬ್ಬ ಮುಚ್ಚಿದರೆ ಆ ತೇವವನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ; ರಟ್ಟು ಹೀರಿಕೊಂಡ ನೀರು ಜೆಲ್ಲನ್ನು ಕೆಲವೇ ದಿನಗಳಲ್ಲಿ ತಣಿಸಿಬಿಡುತ್ತದೆ. ಒಣಹವೆಯ ಜನವರಿ, ಫೆಬ್ರವರಿಯಲ್ಲಿ ಪೆಟ್ಟಿಗೆಗಳನ್ನು ನೆರಳಿನಲ್ಲಿ ಬಿಡಿಸಿಟ್ಟು, ಮಧ್ಯಾಹ್ನದ ಹೊತ್ತಿಗೆ ಒಳಗಿಟ್ಟು ಮುಚ್ಚಿ.

ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ತೆಗೆದು ಒಣಗಿಸಬೇಕು: ಓವನ್ ಇದ್ದರೆ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ, ಇಲ್ಲದಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ನೀಲಿಗೆ ಮರಳುವವರೆಗೆ. ಹೆಚ್ಚು ಕಾದರೆ ಕಪ್ಪಾಗಿ ಬಣ್ಣ ತೋರಿಸುವ ಗುಣ ಹೋಗುತ್ತದೆ. ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಆ ಬಾಣಲೆಯನ್ನು ಮತ್ತೆ ಒಗ್ಗರಣೆಗೆ ಬಳಸಬಾರದು. ಡಬ್ಬದೊಳಗೆ ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಿ. ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ ಡಬ್ಬಿಗಳನ್ನು ಮೆದು ಮಾಡುತ್ತದೆ.

ಬೂಸ್ಟು ಬಂದೇಬಿಟ್ಟರೆ ರಟ್ಟನ್ನು ಅಂಗಳಕ್ಕೆ ಒಯ್ದು, ಮೂಗಿಗೆ ಬಟ್ಟೆ ಕಟ್ಟಿ, ಒಣ ಬ್ರಷ್ಷಿನಲ್ಲಿ ಗುಡಿಸಿ. ಒದ್ದೆ ಬಟ್ಟೆ ತಾಗಿಸಿದರೆ ಕಲೆ ಒಳಗಿಳಿಯುತ್ತದೆ. ಡಿಸ್ಕಿನ ಮೇಲೆ ಬಂದದ್ದಕ್ಕೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಬೆರಳಿನಿಂದಲೇ ಮೆಲ್ಲ ಸವರಿ ತೊಳೆಯಿರಿ. ಬೋರ್‌ವೆಲ್ ನೀರು ಒಣಗಿದಾಗ ಸುಣ್ಣದ ಚುಕ್ಕಿ ಉಳಿಸುತ್ತದೆ, ಆದ್ದರಿಂದ ಕೊನೆಯ ಸುತ್ತಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಒರಸುವುದು ಮೈಕ್ರೋಫೈಬರ್ ಬಟ್ಟೆಯಲ್ಲಿ, ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತು ಹಾಕಿ ಒರಸಬೇಡಿ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರಾವಣ ಯಾವುದೂ ಬೇಡ, ಡಿಸ್ಕ್ ಮಂಜುಮಂಜಾಗಿ ಬಿರಿಯುತ್ತದೆ. ಪೂರ್ತಿ ಆರಿದ ಮೇಲೆ, ತಲೆಯ ಮೇಲೆ ಫ್ಯಾನ್ ಇರುವ ಕೋಣೆಯಲ್ಲಿ ಒಂದು ರಾತ್ರಿ ಬಿಟ್ಟು, ಮರುದಿನ ಡಬ್ಬಿಗೆ ಹಾಕಿ.